ಸೈಮಿ ಹಾಕಿದ ಬೀಗ

ಸೈಮಿ ತಿರ್ಕೊನೆನ್ ಅವರನ್ನು ನಾನು ಮೊದಲು ಕಂಡದ್ದು 1997ರ ಅಕ್ಟೋಬರಿನಲ್ಲಿ. ನನಗೆ ಊರಿನ ಗ್ರಂಥಾಲಯದಲ್ಲಿ ಕೆಲಸ. ಮಂಗಳವಾರ ಸಂಜೆ ಐದರಿಂದ ಏಳರವರೆಗೆ ವಯಸ್ಕರ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಆ ವರ್ಷ ಹನ್ನೊಂದು ಜನ ಸೇರಿದ್ದರು. ಒಬ್ಬರಿಗೆ ಬೇಟೆಗಾರರ ಸಂಘದ ಸದಸ್ಯರ ಪಟ್ಟಿ ಮಾಡಬೇಕಿತ್ತು, ಇಬ್ಬರಿಗೆ ಮೊಮ್ಮಕ್ಕಳಿಗೆ ಕಾಗದ ಬರೆಯಬೇಕಿತ್ತು, ಉಳಿದವರು ಕತ್ತಲು ಬೇಗ ಬೀಳುವ ದಿನಗಳಲ್ಲಿ ಮನೆಯಲ್ಲಿ ಕೂರಲಾರದೆ ಬಂದವರು. ಸೈಮಿ ಕಿಟಕಿಯ ಪಕ್ಕದಲ್ಲಿ ಕೂರುತ್ತಿದ್ದರು. ಆಗ ಅವರಿಗೆ ನಲವತ್ತೊಂಬತ್ತು. ಕಾಗದದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಗುರುವಾರದ ಬಟಾಣಿ ಸೂಪಿನ ಹಂಡೆಯನ್ನು ಎತ್ತಿ ಇಳಿಸಿ ತೋಳುಗಳು ಗಟ್ಟಿಯಾಗಿದ್ದವು. ರೊಟ್ಟಿ ಬೆಂದಿದೆಯೇ ಎಂದು ಒತ್ತಿ ನೋಡುವವರ ಹಾಗೆ ಒಂದೇ ಬೆರಳಿನಲ್ಲಿ ಅಕ್ಷರ ಒತ್ತುತ್ತಿದ್ದರು.

ಮೂರನೆಯ ವಾರ, ಬರೆದದ್ದನ್ನು ಉಳಿಸಿಡುವುದು ಹೇಗೆ ಎಂದು ತೋರಿಸುತ್ತಿದ್ದೆ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಸೈಮಿ ಕೈ ಎತ್ತಿದರು.

"ಮೇಷ್ಟ್ರೇ, ಇದಕ್ಕೆ ಬೀಗ ಹಾಕಕ್ಕಾಗತ್ತಾ?"

"ಕಂಪ್ಯೂಟರಿಗಾ?"

"ಅಲ್ಲ, ಬರ್ದಿದ್ದಕ್ಕೆ."

ಹಿಂದಿನ ಸಾಲಿನಿಂದ ಬೇಟೆಗಾರರ ಸಂಘದವರು, "ಯಾಕಮ್ಮ, ಸೂಪಿನ ಗುಟ್ಟು ಯಾರಾದ್ರೂ ಕದ್ದುಬಿಡ್ತಾರೆ ಅಂತಲಾ?" ಎಂದರು. ಎಲ್ಲರೂ ನಕ್ಕರು.

"ಕದ್ದು ಮಾಡ್ಕೊಂಡು ಕುಡಿ, ನಿನಗೇ ಹೊಟ್ಟೆ ಕೆಡೋದು," ಎಂದರು ಸೈಮಿ. ಆದರೆ ಪ್ರಶ್ನೆಯನ್ನು ಬಿಡಲಿಲ್ಲ. ಏಳು ಗಂಟೆಗೆ ಎಲ್ಲರೂ ಕೋಟು ಹಾಕಿಕೊಂಡು ಹೊರಟ ಮೇಲೂ ಅಲ್ಲೇ ಕೂತಿದ್ದರು. ನಾನು ತೋರಿಸಿಕೊಟ್ಟೆ. ಫೈಲ್ ಉಳಿಸುವಾಗ ಇಲ್ಲಿ ಒತ್ತಬೇಕು, ಇಲ್ಲಿ ಪಾಸ್‌ವರ್ಡ್ ಕೊಡಬೇಕು, ಇನ್ನೊಂದು ಸಲ ಕೊಡಬೇಕು.

"ಮರೆತ್ರೆ ನೀವೂ ಓದೋ ಹಾಗಿಲ್ಲ, ನೆನಪಿರಲಿ," ಎಂದೆ.

"ನಂಗೆ ಮರೆಯೋ ಕಾಯಿಲೆ ಇಲ್ಲ ಮೇಷ್ಟ್ರೇ. ಅದಿದ್ದಿದ್ರೆ ಚೆನ್ನಾಗಿರ್ತಿತ್ತು."

ನಮ್ಮ ಸಾವೊ ಸೀಮೆಯವರು ಮಾತಾಡಿದರೆ ಅರ್ಥದ ಹೊಣೆ ಕೇಳಿದವನ ಮೇಲೆ ಎಂದು ಗಾದೆಯೇ ಇದೆ. ಆ ಹೊಣೆಯನ್ನು ನಾನು ಹೊರಲಿಲ್ಲ. ದೀಪ ಆರಿಸಿ ಬಾಗಿಲು ಹಾಕಿಕೊಂಡು ಹೊರಟೆ.

ಅವರಿಗೆ ಬೀಗ ಯಾಕೆ ಬೇಕಾಗಿತ್ತೆಂದು ನನಗೆ ತಿಳಿದದ್ದು ಹನ್ನೆರಡು ವರ್ಷಗಳ ಮೇಲೆ, ಅವರೇ ಹೇಳಿದಾಗ. ಆದರೆ ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಸೈಮಿಯ ಗಂಡ ತೌನೊ ಅದೇ ಕಾರ್ಖಾನೆಯಲ್ಲಿ ಕಾಗದದ ಯಂತ್ರ ನೋಡಿಕೊಳ್ಳುತ್ತಿದ್ದವರು. ದೊಡ್ಡ ದನಿ, ದೊಡ್ಡ ನಗು. ಅವರು ಬಂದರೆಂದರೆ ಬಿಸಿ ಹಬೆಯ ಸ್ನಾನದ ಮನೆಯಾದ ಸೌನಾದ ಬೆಂಚಿನ ಮೇಲೆ ಕೂತವರೆಲ್ಲ ಜರುಗಿ ಜಾಗ ಕೊಡುತ್ತಿದ್ದರು, ಇನ್ನು ಅರ್ಧ ಗಂಟೆ ಬೇಸರವಿಲ್ಲ ಎಂದು. ಮದುವೆಯಾಗಿ ಮೂರು ವರ್ಷಕ್ಕೆ, 1973ರ ಸೆಪ್ಟೆಂಬರಿನಲ್ಲಿ, ಸೈಮಿಗೆ ಮೊದಲ ಹೆರಿಗೆಯಾಯಿತು. ಗಂಡು ಮಗು. ಉಸಿರಿರಲಿಲ್ಲ. ಆ ಕಾಲದಲ್ಲಿ ತಾಯಿಗೆ ಮುಖ ತೋರಿಸುತ್ತಿರಲಿಲ್ಲ, ನೋಡಿದರೆ ಮನಸ್ಸಿನಲ್ಲಿ ಕೂತುಬಿಡುತ್ತದೆ ಎಂದು. ದಾದಿ ಬಟ್ಟೆಯಲ್ಲಿ ಸುತ್ತಿ ಒಯ್ದರು. ವೈದ್ಯರು ಬಂದು, "ಚಿಕ್ಕ ವಯಸ್ಸು, ಮನೆಗೆ ಹೋಗಿ, ಮರೆತುಬಿಡಿ, ಇನ್ನೊಂದು ಮಾಡ್ಕೊಳ್ಳಿ," ಎಂದರು. ಸೈಮಿ ಐದು ದಿನ ಆಸ್ಪತ್ರೆಯಲ್ಲಿ ಮಲಗಿ ಮನೆಗೆ ಬಂದರು. ತೊಟ್ಟಿಲು ಇದ್ದ ಜಾಗದಲ್ಲಿ ಕುರ್ಚಿ ಇತ್ತು.

"ಎಲ್ಲಿ?" ಎಂದು ಕೇಳಿದರಂತೆ.

"ಎಲ್ಲಾ ಅವ್ರೇ ನೋಡ್ಕೊಂಡ್ರು," ಎಂದರಂತೆ ತೌನೊ. ಸೈಮಿ ಕೇಳಿದ್ದು ತೊಟ್ಟಿಲನ್ನೋ ಮಗುವನ್ನೋ, ತೌನೊ ಹೇಳಿದ್ದು ಯಾವುದಕ್ಕೋ, ಇಬ್ಬರೂ ಬಿಡಿಸಲಿಲ್ಲ. ಆ ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಎರಡು ವರ್ಷಕ್ಕೆ ಪೈವಿ ಹುಟ್ಟಿದಳು.

ಮಾತಾಡಲಾಗದ್ದನ್ನು ಸೈಮಿ ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ರೈ ಧಾನ್ಯದ ಹಿಟ್ಟಿನ ಡಬ್ಬದ ಹಿಂದೆ ಇಡುತ್ತಿದ್ದರು. 1980ರ ನವೆಂಬರಿನಲ್ಲಿ ತೌನೊಗೆ ನಲವತ್ತು ತುಂಬಿತು. ಕಾರ್ಖಾನೆಯ ಗೆಳೆಯರು, ಅವರ ಹೆಂಡಿರು, ಮನೆ ತುಂಬ ಜನ. ಬಾಟಲಿ ಹುಡುಕಲು ಕಪಾಟಿಗೆ ಕೈ ಹಾಕಿದ ತೌನೊಗೆ ನೋಟ್‌ಬುಕ್ ಸಿಕ್ಕಿತು. "ಕೇಳ್ರಪ್ಪಾ, ನಮ್ಮನೇಲಿ ಒಬ್ಬ ಸಾಹಿತಿ ಇದಾಳೆ!" ಎಂದು ನಿಂತುಕೊಂಡು, ಸೈಮಿಯ ಸಣ್ಣ ದನಿಯನ್ನೇ ಅನುಕರಿಸುತ್ತ ಓದತೊಡಗಿದರು. ಮೊದಲು ಬಂದದ್ದು ಅವರ ಗೊರಕೆಯ ವಿಷಯ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅತ್ತೆಯ ಮೀನಿನ ಕಡುಬು. ಅದಕ್ಕೂ ನಕ್ಕರು. ಅಡುಗೆಮನೆಯಿಂದ ಕಾಫಿ ಹಿಡಿದು ಬಂದ ಸೈಮಿ ಬಾಗಿಲಲ್ಲೇ ನಿಂತರು. ತೌನೊ ಹಾಳೆ ಮಗುಚಿ ಅದೇ ದನಿಯಲ್ಲಿ ಮುಂದಕ್ಕೆ ಓದಿದರು: "ಬದುಕಿದ್ದಿದ್ರೆ ಅವನಿಗೆ ಇವತ್ತು ಏಳು ವರ್ಷ ತುಂಬ್ತಿತ್ತು. ತೌನೊ ಒಂದು ಸಲನಾದ್ರೂ..."

ಅಲ್ಲಿಗೆ ನಿಂತಿತು. ಯಾರೂ ನಗಲಿಲ್ಲ. ಒಬ್ಬರು ಕೆಮ್ಮಿದರು. ತೌನೊ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. ಸೈಮಿ ಕಾಫಿಯನ್ನು ಕೆಳಗಿಟ್ಟು, ಪುಸ್ತಕ ಎತ್ತಿಕೊಂಡು, ಅಂಗಳ ದಾಟಿ ಸೌನಾಕ್ಕೆ ಹೋಗಿ ಒಲೆಗೆ ಹಾಕಿದರು. ಹಿಂದಿರುಗಿ ಬಂದು ಎಲ್ಲರಿಗೂ ಕಾಫಿ ಬಗ್ಗಿಸಿದರು.

ಮುಂದೆ ಹದಿನೇಳು ವರ್ಷ ಅವರು ಒಂದು ಸಾಲು ಬರೆಯಲಿಲ್ಲ. ಪೈವಿ ದೊಡ್ಡವಳಾಗಿ, ತಾಂಪೆರೆ ನಗರದಲ್ಲಿ ಹಲ್ಲಿನ ವೈದ್ಯರೊಬ್ಬರ ಬಳಿ ಕೆಲಸಕ್ಕೆ ಸೇರಿ, ತನ್ನ ಹಳೆಯ ಕಂಪ್ಯೂಟರನ್ನು ತಾಯಿಯ ಮನೆಯಲ್ಲಿ ಬಿಟ್ಟುಹೋದಳು. ಅದು ಬಂದ ತಿಂಗಳಲ್ಲೇ ಸೈಮಿ ನನ್ನ ತರಗತಿಗೆ ಸೇರಿದ್ದು.

ತರಗತಿ ಮುಗಿದ ಮೇಲೂ ಅವರು ಗ್ರಂಥಾಲಯಕ್ಕೆ ಬರುತ್ತಿದ್ದರು. ಕ್ಯಾಂಟೀನಿನ ಕೆಲಸ ಮೂರಕ್ಕೆ ಮುಗಿಯುತ್ತದೆ, ತೌನೊ ಪಾಳಿ ಮುಗಿಸಿ ಬರುವವರೆಗೆ ಮನೆ ಖಾಲಿ, ದಿನಾ ಒಂದು ಗಂಟೆ ಬರೆಯುತ್ತೇನೆ ಎಂದು ಒಮ್ಮೆ ಹೇಳಿದರು. ಏನು ಬರೆಯುತ್ತೀರಿ ಎಂದು ನಾನು ಕೇಳಲಿಲ್ಲ. ತೌನೊಗೆ ಮಾತ್ರ ಅದು ಹೊಸ ತಮಾಷೆಯಾಯಿತು. ಊಟಕ್ಕೆ ಯಾರು ಬಂದರೂ, "ನಮ್ಮವಳು ಈಗ ರಕ್ಷಣಾ ಮಂತ್ರಿ. ಕಡತ ಎಲ್ಲಾ ಗುಪ್ತ," ಎನ್ನುತ್ತಿದ್ದರಂತೆ. ತಮಾಷೆಯ ಹಿಂದೆ ಪ್ರಯತ್ನವೂ ಇತ್ತು. ಕಂಪ್ಯೂಟರಿನ ಮುಂದೆ ಕೂತು ನಾಯಿಯ ಹೆಸರು, ಮಗಳ ಹುಟ್ಟುಹಬ್ಬ, ತಮ್ಮದೇ ಹೆಸರು ಎಲ್ಲ ಹಾಕಿ ನೋಡುತ್ತಿದ್ದರು.

"ನನ್ನ ಹೆಸ್ರೂ ಅಲ್ವಲ್ಲೇ!" ಎಂದು ಒಮ್ಮೆ ಕೇಳಿದರಂತೆ.

"ನಿನ್ನ ಹೆಸ್ರು ಇಟ್ಟಿದ್ರೆ ಮೊದಲನೇ ದಿನಾನೇ ತೆಗೀತಿದ್ದೆ."

"ಮತ್ಯಾರದ್ದು?"

ಸೈಮಿ ಪಾತ್ರೆ ತೊಳೆಯಲು ಎದ್ದುಹೋದರು.

2001ರ ಮೇ ತಿಂಗಳು. ಕೆರೆಯ ಮೇಲಿನ ಮಂಜುಗಡ್ಡೆ ಒಡೆದು ಒಂದು ವಾರವಾಗಿತ್ತು. ಒಂದು ಮಧ್ಯಾಹ್ನ ತೌನೊ ಗ್ರಂಥಾಲಯಕ್ಕೆ ಬಂದರು. ಆಗಷ್ಟೇ ನಿವೃತ್ತರಾಗಿದ್ದರು. ನನ್ನ ಮೇಜಿನ ಎದುರಿಗೆ ಕೂತು ಜೇಬಿನಿಂದ ಒಂದು ಫ್ಲಾಪಿ ತೆಗೆದು ಮುಂದಿಟ್ಟರು.

"ಒಸ್ಮೊ ಅಂದ್ರೆ ನೀನೇ ಅಲ್ವೇನಯ್ಯಾ? ನಮ್ಮವಳಿಗೆ ಬೀಗ ಹಾಕೋದು ಕಲ್ಸಿದ ಮೇಷ್ಟ್ರು?"

"ಹೌದು."

"ಹಾಕೋದು ಕಲ್ಸಿದವನಿಗೆ ತೆಗೆಯೋದೂ ಬರ್ಬೇಕಲ್ಲ."

"ಬಂದ್ರೂ ತೆಗ್ಯಲ್ಲ. ಅದು ಅವ್ರದು."

ತೌನೊ ನಕ್ಕರು. "ಮೂವತ್ತು ವರ್ಷ ಒಂದೇ ಸೌನಾದಲ್ಲಿ ಕೂತು ಬೆವರು ಸುರ್ಸಿದೀವಿ ಕಣಯ್ಯ. ಅವಳ ಮೈಮೇಲಿನ ಮಚ್ಚೆ ಎಷ್ಟು ಅಂತ ನಂಗೊತ್ತು. ನಾಲ್ಕು ಸಾಲು ಗೊತ್ತಾದ್ರೆ ಆಕಾಶ ಬೀಳತ್ತಾ?"

"ಅವ್ರನ್ನೇ ಕೇಳಿ."

ಅವರ ನಗು ನಿಂತಿತು. ದನಿ ತಗ್ಗಿಸಿ, ಮೇಜಿನ ಮೇಲೆ ಬಾಗಿ, "ಎಲ್ಲಾ ಬೇಡ. ನಾನು ಓದೋದೂ ಬೇಡ. ನೀನೇ ಓದು. ಒಂದು ವಿಷ್ಯ ಬರ್ದಿದ್ದಾಳಾ ಇಲ್ವಾ, ಬರ್ದಿದ್ರೆ ಏನಂತ ಬರ್ದಿದ್ದಾಳೆ, ಅಷ್ಟೇ ಹೇಳು," ಎಂದರು.

"ಏನು ವಿಷ್ಯ?"

ತೌನೊ ಪತ್ರಿಕೆಗಳ ಕಡೆ ನೋಡಿದರು. ಅಲ್ಲಿ ಇಬ್ಬರು ಮುದುಕರು ಕೂತಿದ್ದರು. "ಬಿಡು," ಎಂದು ಫ್ಲಾಪಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು.

ಹೆಂಡತಿಗೆ ಇನ್ನೊಬ್ಬ ಗಂಡಸಿನ ಜೊತೆ ಸಂಬಂಧವಿದೆಯೆಂಬ ಅನುಮಾನ ಎಂದುಕೊಂಡೆ. ಅಂಥ ಗಂಡಂದಿರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮರುದಿನವೇ ಸೈಮಿಗೆ ಹೇಳಿದೆ. ನಿಮ್ಮ ಯಜಮಾನರು ಫೈಲುಗಳನ್ನು ನಕಲು ಮಾಡಿಕೊಂಡು ತಂದಿದ್ದರು, ನಾನು ತೆರೆಯಲಿಲ್ಲ, ಆದರೆ ಈ ಹಳೆಯ ಪಾಸ್‌ವರ್ಡು ಗಟ್ಟಿಯಲ್ಲ, ಇದನ್ನು ಒಡೆಯುವ ಸಾಧನಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ, ಎಂದೆ. ಆ "ಒಂದು ವಿಷಯ"ದ ಮಾತನ್ನು ಮಾತ್ರ ಹೇಳಲಿಲ್ಲ. ಬಚ್ಚಿಡಬೇಕೆಂದಲ್ಲ, ಹೇಳುವಷ್ಟು ದೊಡ್ಡದೆಂದು ಅನ್ನಿಸಲಿಲ್ಲ.

ಸೈಮಿ ಕುರ್ಚಿ ಎಳೆದುಕೊಂಡು ಕೂತರು. "ಗಟ್ಟಿ ಬೀಗ ಇದೆಯಾ?"

"ಇದೆ. ಅದನ್ನ ಹಾಕಿದ್ರೆ ನಾನಲ್ಲ, ಸರ್ಕಾರ ಬಂದ್ರೂ ತೆಗ್ಯಕ್ಕಾಗಲ್ಲ."

"ಅದನ್ನೇ ಹಾಕಿ."

ಶನಿವಾರ ತೌನೊ ಬಲೆ ಬಿಡಲು ಕೆರೆಗೆ ಹೋಗಿದ್ದಾಗ ಅವರ ಮನೆಗೆ ಹೋದೆ. ಬರೆದ ಫೈಲುಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಂಥ ಒಂದು ಹೊಸ ತಂತ್ರಾಂಶ ಕೂರಿಸಿದೆ. ಪಾಸ್‌ವರ್ಡ್ ಉದ್ದವಿರಬೇಕು, ಇಪ್ಪತ್ತು ಅಕ್ಷರಕ್ಕೆ ಕಡಿಮೆ ಇರಬಾರದು, ಎಲ್ಲೂ ಬರೆದಿಡಬಾರದು ಎಂದು ಪಾಠ ಹೇಳಿದೆ. ಅವರು ಒತ್ತುವಾಗ ಕಿಟಕಿಯ ಕಡೆ ತಿರುಗಿ ನಿಂತೆ. ಬೇಲಿಯಾಚೆ ನೆರೆಮನೆಯವರು ಆಲೂಗೆಡ್ಡೆ ನೆಡುತ್ತಿದ್ದರು. ಹಿಂದೆ ಒಂದೊಂದೇ ಕೀಲಿಯ ಸದ್ದು ಬಹಳ ಹೊತ್ತು ಬಂತು. ಹಳೆಯ ಫೈಲುಗಳನ್ನು ನಾನೇ ಅಳಿಸಿದೆ, ಬೇರೆ ಯಾರೂ ಮತ್ತೆ ಹುಡುಕಿ ತೆಗೆಯದ ಹಾಗೆ. ಸೈಮಿ ಕಾಫಿ, ಬಿಸಿ ರೈ ಕಡುಬು ಕೊಟ್ಟರು. ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯಲ್ಲಿ ಮನೆಗೆ ಬಂದೆ. ತೌನೊ ಬಳಿ ಇದ್ದ ಫ್ಲಾಪಿಯನ್ನು ಸೈಮಿ ಅವರ ಜೇಬಿನಿಂದಲೇ ತೆಗೆದು ಎರಡು ತುಂಡು ಮಾಡಿದರಂತೆ.

ತೌನೊ ಮತ್ತೆ ಪ್ರಯತ್ನಿಸಲಿಲ್ಲ. ತಮಾಷೆಯನ್ನೂ ನಿಲ್ಲಿಸಿದರು. ಊಟಕ್ಕೆ ಬಂದವರ ಮುಂದೆ ಅದರ ಮಾತೆತ್ತಲಿಲ್ಲ.

2006ರಲ್ಲಿ ಅವರಿಗೆ ಶ್ವಾಸಕೋಶದ ಕಾಯಿಲೆ ಎಂದು ಗೊತ್ತಾಯಿತು. ಮೆಟ್ಟಿಲು ಹತ್ತಲಾಗದೆ ಹೋದಾಗ ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದರು. ಜಾಗ ಬೇಕೆಂದು ಕಂಪ್ಯೂಟರನ್ನು ಎತ್ತಿ ಕಪಾಟಿನಲ್ಲಿಟ್ಟರು. ಸೈಮಿ ಕ್ಯಾಂಟೀನಿನ ಕೆಲಸ ಬಿಟ್ಟರು. ಎರಡೂವರೆ ವರ್ಷ ಅವರಿಗೆ ಬರೆಯಲು ಒಂದು ಗಂಟೆ ಇರಲಿ, ಕೂತು ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಆಮ್ಲಜನಕದ ಯಂತ್ರ, ಮಾತ್ರೆ, ಬೆನ್ನಿನ ಹುಣ್ಣು, ಹಾಸಿಗೆಯ ಬಟ್ಟೆ. ಗ್ರಂಥಾಲಯಕ್ಕೆ ಬಂದರೆ ನಿಂತೇ ಇರುತ್ತಿದ್ದರು, ದೊಡ್ಡ ಅಕ್ಷರದ ಪುಸ್ತಕ ಎರಡು ತೆಗೆದುಕೊಂಡು ಓಡುತ್ತಿದ್ದರು.

2009ರ ಜನವರಿಯಲ್ಲಿ ಒಂದು ಬೆಳಿಗ್ಗೆ ಗಂಜಿ ತಿನ್ನಿಸುತ್ತಿದ್ದಾಗ ತೌನೊ ಚಮಚವನ್ನು ತಡೆದು ಕೇಳಿದರಂತೆ:

"ಹುಡುಗನ ವಿಷ್ಯ ಬರ್ದಿದ್ದೀಯಾ?"

ಮೂವತ್ತೈದು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಅದೇ ಮೊದಲು. ಸೈಮಿ ಚಮಚವನ್ನು ಮತ್ತೆ ಮುಂದೆ ಹಿಡಿದರು. "ಬಾಯಿ ತೆಗಿ, ಆರಿಹೋಗತ್ತೆ," ಎಂದರು. ತೌನೊ ಬಾಯಿ ತೆರೆದರು. ಮತ್ತೆ ಕೇಳಲಿಲ್ಲ. ಮೂರು ವಾರಕ್ಕೆ ತೀರಿಕೊಂಡರು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಗುಂಡಿ ತೋಡಲು ಎರಡು ದಿನ ನೆಲಕ್ಕೆ ಬಿಸಿ ಕೊಡಬೇಕಾಯಿತು.

ಏಪ್ರಿಲಿನಲ್ಲಿ ಸೈಮಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಮಕ್ಕಳ ಜಾರುಗಾಡಿಯಲ್ಲಿ ಕಟ್ಟಿಕೊಂಡು, ಕರಗುತ್ತಿದ್ದ ಹಿಮದ ಮೇಲೆ ಎಳೆದುಕೊಂಡು ಗ್ರಂಥಾಲಯಕ್ಕೆ ತಂದರು.

"ತೆಗ್ಯಕ್ಕೆ ಬರ್ತಿಲ್ಲ ಮೇಷ್ಟ್ರೇ. ಒಂದು ವಾರದಿಂದ ಒತ್ತುತಾ ಇದೀನಿ. ತಲೆಗಿಂತ ಬೆರಳಿಗೆ ಗೊತ್ತಿತ್ತು ಅದು. ಈಗ ಬೆರಳಿಗೂ ಗೊತ್ತಿಲ್ಲ."

ಹಿಂದಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟೆ. ಯಾಕೆ ತೆರೆಯಬೇಕು ಎಂದು ಕೇಳಿದೆ. ಆಗ ಅವರು ನೀಲಿ ನೋಟ್‌ಬುಕ್ಕಿನಿಂದ ಗಂಜಿಯ ಚಮಚದವರೆಗೆ ಎಲ್ಲವನ್ನೂ ಹೇಳಿದರು. ಹೇಳುವಾಗ ಅಳಲಿಲ್ಲ. ಕೈಗವಸುಗಳನ್ನು ಮಡಿಚುವುದು, ಬಿಚ್ಚುವುದು, ಮಡಿಚುವುದು.

"ಅವನು ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ. ಕೊಡ್ಬೇಕಾಗಿತ್ತು. ನಾನು ಏನು ಬರ್ದಿದ್ದೆ ಅಂತ ಒಂದ್ಸಲ ನೋಡ್ಬೇಕು. ಎಲ್ಲಾ ಬೈಗುಳವೇ ಇತ್ತಾ, ಒಂದು ಒಳ್ಳೆ ಮಾತೂ ಇತ್ತಾ ಅಂತ."

ತೌನೊ ಮೇಜಿನ ಮೇಲೆ ಬಾಗಿ ಹೇಳಿದ ಮಾತು ನನಗೆ ಆಗ ಅರ್ಥವಾಯಿತು. ಎಂಟು ವರ್ಷ ತಡವಾಗಿ ಅದನ್ನು ಸೈಮಿಗೆ ಹೇಳಿದೆ. ಅವರು ಕೈಗವಸುಗಳನ್ನು ಮೇಜಿನ ಮೇಲಿಟ್ಟರು.

"ಆವತ್ತೇ ಹೇಳಿದ್ರೆ..." ಎಂದರು. ಕೊನೆಗೆ ಅವರೇ, "ನಿಮಗೇನು ಗೊತ್ತಿತ್ತು ಪಾಪ," ಎಂದು ನನ್ನನ್ನು ಸಮಾಧಾನ ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

ಪಾಸ್‌ವರ್ಡ್ ಯಾವುದರಿಂದ ಶುರುವಾಗುತ್ತಿತ್ತು ಎಂಬುದು ಅವರಿಗೆ ನೆನಪಿತ್ತು. ಅದನ್ನು ಹೇಳಲು ಎರಡು ಸಲ ಬಾಯಿ ತೆರೆದು ಮುಚ್ಚಿದರು.

"ಇಲ್ಮೊ," ಎಂದರು. "ನಾನೇ ಇಟ್ಟಿದ್ದು. ಆಸ್ಪತ್ರೆಯಲ್ಲಿ ಮಲಗಿದ್ದಾಗ. ಯಾರ ಮುಂದೇನೂ ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ. ತೌನೊಗೂ ಗೊತ್ತಿಲ್ಲ."

ಹೆಸರಾದ ಮೇಲೆ ಏನಿತ್ತು? ತಾರೀಖಿತ್ತು ಎನ್ನುತ್ತಾರೆ, ಇಲ್ಲ ಪ್ರಾರ್ಥನೆಯ ಸಾಲಿತ್ತು ಎನ್ನುತ್ತಾರೆ. ವಾರ್ಡಿನ ಸಂಖ್ಯೆ ಇರಬಹುದು. ಮಧ್ಯೆ ಜಾಗ ಬಿಟ್ಟಿದ್ದೆನೋ ಇಲ್ಲವೋ ಎನ್ನುತ್ತಾರೆ. ಪ್ರತಿ ಬುಧವಾರ ಮಧ್ಯಾಹ್ನ ಬರುತ್ತಿದ್ದರು. ಹಾಕಿ ನೋಡಿದ್ದನ್ನೆಲ್ಲ ನಾನು ಒಂದು ಕಾಗದದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಆಮೇಲೆ ಅವರು ಹೇಳಿದ ತುಂಡುಗಳನ್ನೆಲ್ಲ ಬೇರೆ ಬೇರೆ ಥರ ಜೋಡಿಸಿ ನೋಡುವಂತೆ ನೆಲಮಾಳಿಗೆಯ ಒಂದು ಹಳೆಯ ಯಂತ್ರಕ್ಕೆ ಕೆಲಸ ಹಚ್ಚಿದೆ. ಅದು ಬೇಸಿಗೆಯೆಲ್ಲ ಹಗಲಿರುಳು ತಿರುಗಿತು. ಲಕ್ಷಗಟ್ಟಲೆ ಸಲ ತಪ್ಪು ಎಂದಿತು. ನಾನು ಅಂದು ಕೂರಿಸಿದ ಬೀಗ ನಿಜಕ್ಕೂ ಗಟ್ಟಿಯಾಗಿತ್ತು.

ಜುಲೈನ ಒಂದು ಬುಧವಾರ, ಬೇರೇನೂ ತೋಚದೆ, "ಮಣ್ಣು ಮಾಡಿದ ತಾರೀಖು ಏನಾದ್ರೂ ಹಾಕಿದ್ರಾ?" ಎಂದು ಕೇಳಿದೆ.

"ಎಲ್ಲಿ ಮಣ್ಣು ಮಾಡಿದ್ರು ಅಂತಾನೇ ಗೊತ್ತಿಲ್ಲ. ಆಸ್ಪತ್ರೆಯವ್ರೇ ನೋಡ್ಕೊಂಡ್ರು ಅಂದ. ಆಗೆಲ್ಲಾ ಅಂಥ ಮಕ್ಕಳನ್ನ ಯಾರದೋ ಶವಪೆಟ್ಟಿಗೆಯಲ್ಲಿ ಕಾಲ ಹತ್ರ ಇಟ್ಟುಬಿಡ್ತಿದ್ರಂತೆ. ಯಾವ ಮುದುಕನ ಕಾಲ ಹತ್ರ ಇದಾನೋ."

"ಚರ್ಚಿನ ಕಚೇರಿಯಲ್ಲಿ ದಾಖಲೆ ಇರತ್ತೆ. ಕೇಳೋಣ."

ಅವರು ಹೆದರಿದರು. ಮೂವತ್ತಾರು ವರ್ಷದಲ್ಲಿ ಕೇಳಬಹುದು ಎಂಬುದೇ ಅವರಿಗೆ ಹೊಳೆದಿರಲಿಲ್ಲ. ನಾನೇ ಹೋಗಿ ಕೇಳಿದೆ. ಕಚೇರಿಯ ಹಿಲ್ಕಾ ನನ್ನ ಜೊತೆ ಓದಿದವಳು. ಹಳೆಯ ದಪ್ಪ ಪುಸ್ತಕ ತೆಗೆದು ಬೆರಳಾಡಿಸಿದಳು. "ಇಲ್ಲಿದೆ ನೋಡು. ಸೆಪ್ಟೆಂಬರ್ ಹದಿನಾಲ್ಕು. ತಿರ್ಕೊನೆನ್, ಗಂಡು, ಹೆಸರಿಲ್ಲ. ಬೇರೆ ಗುಂಡಿ ಕೊಟ್ಟಿದಾರೆ, ಕಲ್ಲುಗೋಡೆ ಪಕ್ಕದ ಕೊನೆ ಸಾಲು," ಎಂದಳು. ಆಮೇಲೆ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, "ತಂದವರು: ತಂದೆ. ಅಂತ ಇದೆ," ಎಂದಳು.

ಆಗಿನ ಗುಂಡಿ ತೋಡುವವರು ವಿಲ್ಯೊ ಇನ್ನೂ ಇದ್ದಾರೆ, ವೃದ್ಧಾಶ್ರಮದಲ್ಲಿದ್ದಾರೆ, ಕಿವಿ ಮಂದ ಆದರೆ ಬುದ್ಧಿ ಚುರುಕು, ಎಂದೂ ಹೇಳಿದಳು. ಮರುದಿನ ಸೈಮಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆ.

ವಿಲ್ಯೊಗೆ ಎಂಬತ್ತನಾಲ್ಕು. ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತಿದ್ದರು. ತಿರ್ಕೊನೆನ್ ಎಂದ ಕೂಡಲೇ ತಲೆಯಾಡಿಸಿದರು.

"ಸೈಕಲ್ ಮೇಲೆ ಬಂದ. ಹಿಂದಗಡೆ ಪೆಟ್ಟಿಗೆ ಕಟ್ಕೊಂಡು. ಕಾರ್ಖಾನೆ ಬಡಗಿಕೋಣೆಯಲ್ಲಿ ತಾನೇ ಮಾಡಿದ್ನಂತೆ, ಬರ್ಚ್ ಮರದ ಹಲಗೆದು. ಒಳಗಡೆ ಕಾಗದದ ಮಿಷಿನ್ನಿನ ಕಂಬಳಿ ಹಾಸಿದ್ದ, ಉಣ್ಣೇದು, ಬಿಳೀದು. ಬೆಚ್ಚಗಿರ್ಲಿ ಅಂದ. ಸತ್ತ ಮಗೂಗೆ ಬೆಚ್ಚಗೇನಪ್ಪಾ ಅನ್ಬೇಕು ಅನ್ಸ್ತು, ಅನ್ಲಿಲ್ಲ."

ಸೈಮಿ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡರು.

"ಯಾರ ಜೊತೆಗೋ ಹಾಕೋದು ಬೇಡ, ಬೇರೆ ಜಾಗ ಕೊಡು ಅಂತ ಹಟ ಹಿಡಿದ. ನಿಯಮ ಇಲ್ಲ ಅಂದೆ. ಪಾದ್ರಿ ಹತ್ರ ಹೋಗಿ ಗಲಾಟೆ ಮಾಡಿ ಒಪ್ಪಿಸ್ಕೊಂಡು ಬಂದ. ಗುಂಡೀನೂ ಅವನೇ ತೋಡಿದ, ನಾನು ಸುಮ್ನೆ ನಿಂತಿದ್ದೆ. ಹೆಸ್ರೇನು ಬರೀಲಿ ಅಂದ್ರೆ, ಅವಳು ಇಡ್ಬೇಕಾಗಿತ್ತು, ಕೇಳಕ್ಕಾಗಲ್ಲ ಅಂದ."

"ಯಾಕೆ ಕೇಳಕ್ಕಾಗಲ್ಲ ಅಂದ?" ಸೈಮಿಯ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ವಿಲ್ಯೊ ಕಿವಿಯ ಬಳಿ ಗಟ್ಟಿಯಾಗಿ ಹೇಳಬೇಕಾಯಿತು.

"ಡಾಕ್ಟ್ರು ಹೇಳಿದ್ರಂತಲ್ಲ. ಅವಳ ಮುಂದೆ ಆ ಮಾತೇ ಎತ್ಬೇಡ, ಎತ್ತಿದ್ರೆ ತಲೆ ಕೆಟ್ಟುಹೋಗತ್ತೆ ಅಂತ. ಪ್ರತಿ ವರ್ಷ ಸೆಪ್ಟೆಂಬರಲ್ಲಿ ಬರ್ತಿದ್ದ. ಸೈಕಲ್ ಹಿಡ್ಕೊಂಡೇ ಐದು ನಿಮಿಷ ನಿಂತು ಹೋಗ್ತಿದ್ದ. ಹೆಂಡ್ತೀನ ಕರ್ಕೊಂಡು ಬಾರಯ್ಯ ಅಂದೆ ಒಂದ್ಸಲ. ಅವಳು ಮರೆತಿದಾಳೆ, ನೆನಪು ಮಾಡಿಕೊಡಲ್ಲ ಅಂದ. ಇನ್ನೊಂದ್ಸಲ, ತುಂಬ ವರ್ಷ ಆದ್ಮೇಲೆ, ಇಲ್ಲ ವಿಲ್ಯೊ ಅವಳು ಮರೆತಿಲ್ಲ ಅಂದ. ಅವತ್ತು ಕುಡಿದಿದ್ದ." ವಿಲ್ಯೊ ಸೈಮಿಯ ಕಡೆ ತಿರುಗಿದರು. "ನೀವ್ಯಾರಮ್ಮ? ಅವನ ತಂಗಿನಾ?"

"ಹೆಂಡ್ತಿ," ಎಂದರು ಸೈಮಿ.

ಅಲ್ಲಿಂದ ನೇರವಾಗಿ ಸ್ಮಶಾನಕ್ಕೆ ಹೋದೆವು. ಗೋಡೆಯ ಪಕ್ಕ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಗುರುತೇನೂ ಇರಲಿಲ್ಲ. ಹಿಲ್ಕಾ ಕೊಟ್ಟ ನಕ್ಷೆ ಹಿಡಿದು ಹೆಜ್ಜೆ ಅಳೆದು ಇಲ್ಲಿ ಎಂದು ತೋರಿಸಿದೆ. ಸೈಮಿ ಹುಲ್ಲಿನ ಮೇಲೆ ಕೂತುಬಿಟ್ಟರು. ನಾನು ದೂರ ಹೋಗಿ ನೀರಿನ ನಲ್ಲಿಯ ಹತ್ತಿರ ನಿಂತೆ. ಒಂದು ಗಂಟೆ ಕಳೆದಿರಬೇಕು.

ಕಾರಿನಲ್ಲಿ ಅವರು ಹೇಳಿದರು: "ಆ ಫೈಲಲ್ಲಿ ಏನಿದೆ ಅಂತ ನಂಗೊತ್ತು ಮೇಷ್ಟ್ರೇ. ಎಲ್ಲಾ ನೆನಪಿದೆ, ಒಳ್ಳೆ ಮಾತು ಇತ್ತೇನೋ ಅಂತ ಆಸೆ ಇತ್ತು ಅಷ್ಟೇ. ತೌನೊ ಒಂದು ಸಲನಾದ್ರೂ ಅವನ ಮುಖ ನೋಡಕ್ಕೆ ಹೋಗ್ಲಿಲ್ಲ, ಎಲ್ಲಿ ಹಾಕಿದ್ರು ಅಂತ ಕೇಳ್ಲಿಲ್ಲ. ಅದನ್ನೇ ಬರ್ದಿದೀನಿ. ಒಂಬತ್ತು ವರ್ಷ, ದಿನಾ ಕೂತ್ಕೊಂಡು."

ನಾನು ಗಾಡಿ ಓಡಿಸುತ್ತಿದ್ದೆ.

"ಆ ಮಿಷಿನ್ನು ನಿಲ್ಸಿಬಿಡಿ. ಇನ್ನು ಹುಡುಕ್ಬೇಡಿ."

ನಿಲ್ಲಿಸಿದೆ. ಕಂಪ್ಯೂಟರನ್ನು ಅವರ ಮನೆಗೆ ಒಯ್ದು ಅದೇ ಕಪಾಟಿನಲ್ಲಿಟ್ಟೆ.

ಆ ಆಗಸ್ಟಿನಲ್ಲಿ ಸೈಮಿ ಪೈವಿಯನ್ನು ಕರೆಸಿಕೊಂಡು, ನಿನಗೊಬ್ಬ ಅಣ್ಣ ಇದ್ದ ಎಂದು ಹೇಳಿದರು. ಪೈವಿ ಸಿಟ್ಟಾದಳು. ಮೂವತ್ತನಾಲ್ಕು ವರ್ಷ ಇಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟಿರಿ ಎಂದು ಅತ್ತು, ಎರಡು ತಿಂಗಳು ಫೋನು ಮಾಡಲಿಲ್ಲ. ಆಮೇಲೆ ಅವಳೇ ಒಂದು ಸಣ್ಣ ಕಲ್ಲು ಮಾಡಿಸಿಕೊಟ್ಟಳು. ಇಲ್ಮೊ ತಿರ್ಕೊನೆನ್, ಕೆಳಗೆ ಒಂದೇ ತಾರೀಖು.

ತೌನೊ ಸಮಾಧಿ ಸ್ಮಶಾನದ ಇನ್ನೊಂದು ತುದಿಯಲ್ಲಿ, ಹೊಸ ಭಾಗದಲ್ಲಿದೆ. ಸೈಮಿ ವಾರಕ್ಕೊಮ್ಮೆ ಎರಡು ಕಡೆಗೂ ಹೋಗುತ್ತಿದ್ದರು. ಹುಡುಗನ ಹೆಸರನ್ನು ಗಂಡನಿಗೆ ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡರಂತೆ. "ಬಾಯಿ ತೆಗೆಯೋಷ್ಟರಲ್ಲಿ ಯಾರಾದ್ರೂ ಹೂವಿಗೆ ನೀರು ಹಾಕಕ್ಕೆ ಕೊಡ ಹಿಡ್ಕೊಂಡು ಬರ್ತಾರೆ ಮೇಷ್ಟ್ರೇ. ಮಣ್ಣಿನ ಜೊತೆ ಮಾತಾಡೋ ಮುದುಕಿ ಅನ್ಕೋತಾರೆ ಅಂತ ವಾಪಸ್ ಬಂದ್ಬಿಡ್ತೀನಿ," ಎಂದರು ಒಮ್ಮೆ. ಆಮೇಲೆ ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಅವರು ಮತ್ತೆ ಬರೆಯಲಿಲ್ಲ. ಗ್ರಂಥಾಲಯಕ್ಕೆ ಬಂದು ವಾರಪತ್ರಿಕೆಗಳನ್ನು ತಿರುವಿ ಹಾಕುತ್ತಿದ್ದರು. ಮೊದಲೆಲ್ಲ ಪಕ್ಕದವರ ತಮಾಷೆಗೆ ತಿರುಗಿ ಚುಚ್ಚುತ್ತಿದ್ದವರು ಈಗ ತಡವಾಗಿ ಸ್ವಲ್ಪ ನಗುತ್ತಿದ್ದರು, ಅಷ್ಟೇ. 2015ರ ನವೆಂಬರಿನಲ್ಲಿ, ಅಂಗಳದ ಹಿಮ ಗೋರುವಾಗ ಬಿದ್ದವರು ಏಳಲಿಲ್ಲ. ಅಂಚೆಯವರು ನೋಡಿ ಕೂಗಿದರು.

ಮನೆ ಖಾಲಿ ಮಾಡಲು ಬಂದ ಪೈವಿ ನನ್ನನ್ನು ಕರೆದಳು. ಕಪಾಟಿನಿಂದ ಕಂಪ್ಯೂಟರ್ ತೆಗೆದು ಅಡುಗೆಮನೆಯ ನೆಲದ ಮೇಲಿಟ್ಟಿದ್ದಳು.

"ಇದ್ರಲ್ಲಿ ಅಮ್ಮ ಬರ್ದಿದ್ದು ಇದೆಯಂತಲ್ಲ. ನಿಮಗೆ ತೆಗ್ಯಕ್ಕೆ ಬರತ್ತಾ?"

"ಬರಲ್ಲ. ಅಮ್ಮನಿಗೇ ಬರ್ಲಿಲ್ಲ."

"ಮುಂದೆ ಯಾವತ್ತಾದ್ರೂ? ಹತ್ತು ವರ್ಷ ಆದ್ಮೇಲೆ? ಏನೇನೋ ಹೊಸದು ಬರ್ತಾ ಇರತ್ತಲ್ಲ."

"ಗೊತ್ತಿಲ್ಲ. ಬಂದ್ರೂ ಬರಬಹುದು."

"ಏನಿರಬಹುದು ಅದ್ರಲ್ಲಿ?"

ನನಗೆ ಗೊತ್ತಿತ್ತು. ಅಪ್ಪನನ್ನು ಬೈದದ್ದು ಎಂದು ಹೇಳಬಹುದಿತ್ತು. ಅದು ಪೂರ್ತಿ ನಿಜವೋ ಅಲ್ಲವೋ ಯಾರು ಕಂಡವರು. ತೌನೊ ವಿಷಯದಲ್ಲಿ ಒಂದು ಮಾತು ನುಂಗಿಕೊಂಡು ಮಾಡಿದ ತಪ್ಪು ನೆನಪಿಗೆ ಬಂತು. ಹೇಳಿ ಇನ್ನೊಂದು ತಪ್ಪು ಮಾಡುತ್ತೇನೋ ಎಂಬ ಭಯವೂ ಇತ್ತು. ಕೊನೆಗೆ, ಸೈಮಿ ಕಾರಿನಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ, ಒಂದು ಪದ ಕೂಡಿಸದೆ, ಕಳೆಯದೆ.

ಪೈವಿ ನೆಲದ ಮೇಲೆ ಕೂತು ಕೇಳಿದಳು. ಆಮೇಲೆ ಮೂಗು ಒರೆಸಿಕೊಂಡು ಎದ್ದು, ಇದನ್ನು ಹಳೆಯ ಸಾಮಾನಿನ ಅಂಗಳಕ್ಕೆ ಒಯ್ಯೋಣ ಎಂದಳು. ಇಬ್ಬರೂ ಹಿಡಿದು ನನ್ನ ಕಾರಿಗೆ ಹಾಕಿದೆವು. ಅಲ್ಲಿ ಕೆಂಪು ಜಾಕೆಟ್ಟಿನವನೊಬ್ಬ, "ಒಳಗೇನಾದ್ರೂ ಬೇಕಾಗಿರೋದು ಇದ್ರೆ ಈಗ್ಲೇ ತೆಕ್ಕೊಂಡ್ಬಿಡಿ," ಎಂದ. ಪೈವಿ ಏನೂ ಇಲ್ಲ ಎಂದಳು. ಅವನು ಅದನ್ನು ಎತ್ತಿ ಟಿವಿಗಳು, ಕೆಟ್ಟ ಕಾಫಿ ಯಂತ್ರಗಳು ತುಂಬಿದ ಕಬ್ಬಿಣದ ಬುಟ್ಟಿಗೆ ಇಳಿಸಿದ. ಹಿಮ ಬೀಳುತ್ತಿತ್ತು. ಪೈವಿಗೆ ಮೂರೂವರೆಯ ರೈಲು ಹಿಡಿಯಬೇಕಿತ್ತು, ನಿಲ್ದಾಣಕ್ಕೆ ಬಿಟ್ಟುಬಂದೆ.